ಚಳಿಯೂರಿನ ಹಿತ್ತಲಿಗೆ ಯಾವ ದಾಸವಾಳ?

ನ್ಯೂಜೆರ್ಸಿಯಂಥ ಕಡೆ ದಾಸವಾಳ ಬೆಳೆಸಲು ಮೂರು ದಾರಿಗಳಿವೆ. ಊರಲ್ಲಿ ಬೇಲಿ ತುಂಬ ಬಿಡುವ ಅದೇ ದಾಸವಾಳವನ್ನು ಕುಂಡದಲ್ಲಿ ಸಾಕಬಹುದು. ಇಲ್ಲ ರೋಸ್ ಆಫ್ ಶರಾನ್ ಹಾಕಬಹುದು. ಅದೂ ಬೇಡ ಅಂದರೆ ಇಲ್ಲಿಯ ನರ್ಸರಿಗಳಲ್ಲಿ ಹಾರ್ಡಿ ಹಿಬಿಸ್ಕಸ್ ಅಂತ ಸಿಗುವ ಗಿಡವಿದೆ. ಮೂರೂ ನಮ್ಮ ಹಿತ್ತಲಲ್ಲಿವೆ. ಒಂದೇ ಗಿಡಕ್ಕೆ ಜಾಗ ಇರೋದು ಅನ್ನುವವರಿಗೆ ನಾನು ಕೊನೆಯದನ್ನೇ ಹೇಳುತ್ತೇನೆ.

ಊರಿನ ದಾಸವಾಳಕ್ಕೆ ಚಳಿ ತಡೆಯೋದಿಲ್ಲ. ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಿತು ಅಂದರೆ ಕುಂಡ ಒಳಗೆ ಬರಬೇಕು. ಹೀಟರಿನ ಒಣಗಾಳಿಗೆ ಎಲೆ ಹಳದಿಯಾಗಿ ಉದುರುತ್ತದೆ, ಬಿಳಿನೊಣ ಸೇರಿಕೊಳ್ಳುತ್ತದೆ. ಒಳಗೆ ತರುವ ಮುಂಚೆ ಎಲೆಗಳ ಅಡಿಗೆ ಪೈಪಿನಿಂದ ಜೋರಾಗಿ ನೀರು ಹೊಡೆದರೆ ಕಾಟ ಎಷ್ಟೋ ಕಡಿಮೆ. ಚಳಿಗಾಲ ಪೂರ್ತಿ ನೀರು ಸ್ವಲ್ಪ ಸಾಕು, ಗೊಬ್ಬರ ಬೇಡ. ಇಷ್ಟು ಕೆಲಸವಿದ್ದರೂ ನಾನು ಇದನ್ನು ಬಿಡುವವಳಲ್ಲ. ಗಣಪತಿಗೆ ಆ ಕೆಂಪು ಹೂವೇ ಬೇಕು, ತಲೆಗೆ ಅರೆದು ಹಚ್ಚಲು ಆ ಎಲೆಯೇ ಬೇಕು.

ರೋಸ್ ಆಫ್ ಶರಾನ್ ದಕ್ಷಿಣ ಕೊರಿಯಾದ ರಾಷ್ಟ್ರಪುಷ್ಪ. ಚಳಿಯಲ್ಲಿ ಹೊರಗೇ ಇರುತ್ತದೆ, 8ರಿಂದ 12 ಅಡಿವರೆಗೆ ಪೊದೆಯಾಗಿ ಬೆಳೆಯುತ್ತದೆ. ಹೂವು ಬಿಡೋದು ಹೊಸ ಚಿಗುರಲ್ಲಿ. ಅದಕ್ಕೇ ಚಳಿಗಾಲ ಮುಗಿಯುವ ಹೊತ್ತಿಗೆ ಸವರಿಬಿಡಬೇಕು. ಆರೈಕೆ ಅಂತ ಹೆಚ್ಚೇನಿಲ್ಲ. ಆದರೆ ಬೀಜ ಉದುರಿ ಕಂಡಕಂಡಲ್ಲಿ ಸಸಿ ಏಳುತ್ತವೆ, ಕೀಳೋದೇ ಒಂದು ಕೆಲಸ. ‘ಡಯಾನಾ’ ಅನ್ನುವ ಬಿಳಿ ತಳಿಯಲ್ಲಿ ಬೀಜ ಕಡಿಮೆ, ಹಾಕೋದಾದರೆ ಅದನ್ನೇ ಹಾಕಿ.

ಇನ್ನು ಹಾರ್ಡಿ ಹಿಬಿಸ್ಕಸ್. ಪೂರ್ವ ಅಮೆರಿಕದ ಜೌಗು ನೆಲದ ಗಿಡ ಇದು. ಫ್ರಾಸ್ಟ್ ಬಿದ್ದ ಮೇಲೆ ಕಾಂಡವೆಲ್ಲ ನೆಲಮಟ್ಟಕ್ಕೆ ಒಣಗುತ್ತದೆ, ಬೇರು ಮಾತ್ರ ಒಳಗೆ ಜೀವ ಹಿಡಿದಿರುತ್ತದೆ. ಮಣ್ಣು ಚೆನ್ನಾಗಿ ಬಿಸಿಯಾಗುವವರೆಗೆ ಚಿಗುರೋದಿಲ್ಲ. ಮೇ ಅರ್ಧ ಕಳೆದು ಸುತ್ತಮುತ್ತ ಎಲ್ಲ ಹಸಿರಾಗಿದ್ದರೂ ಇಲ್ಲಿ ಬರೀ ಒಣಕಡ್ಡಿ. ಸತ್ತಿತು ಅಂತ ಅಗೆದು ಎಸೆಯುವವರು ಬಹಳ ಜನ. ದಯವಿಟ್ಟು ಕಾಯಿರಿ. ಹಳೇ ಕಾಂಡವನ್ನು ಅರ್ಧ ಅಡಿ ಬಿಟ್ಟು ಕತ್ತರಿಸಿದರೆ ಗಿಡ ಎಲ್ಲಿದೆ ಅನ್ನುವ ಗುರುತೂ ಇರುತ್ತದೆ. ಒಮ್ಮೆ ಮೊಳಕೆ ಬಂತೋ, ಜುಲೈ ಹೊತ್ತಿಗೆ ಎದೆಯೆತ್ತರ!

ಹೂವು ನೋಡಬೇಕು ನೀವು. ಊಟದ ತಟ್ಟೆಯಷ್ಟು ಅಗಲ, ಕೆಲವು ತಳಿಗಳಲ್ಲಿ 10 ಇಂಚು. ಎಸಳಿನ ಮೇಲೆ ಸಣ್ಣ ಸಣ್ಣ ಗೆರೆ, ನಡುವೆ ಕಡುಗೆಂಪು ಕಣ್ಣು. ಬೆಳಿಗ್ಗೆ ಕಿತ್ತು ಇಟ್ಟರೆ ದೇವರ ಪುಟ್ಟ ಮೂರ್ತಿ ಪೂರ್ತಿ ಮುಚ್ಚಿಹೋಗುತ್ತದೆ. ಒಂದು ಹೂವಿಗೆ ಒಂದೇ ದಿನ ಆಯಸ್ಸು, ನಿಜ. ಆದರೆ ಮೊಗ್ಗು ಸೆಪ್ಟೆಂಬರ್‌ವರೆಗೂ ಬರ್ತಾನೇ ಇರುತ್ತದೆ.

ಇದು ಕೇಳೋದು ಎರಡೇ: ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು, ಮತ್ತು ನೀರು. ನೀರು ಅಂದರೆ ಜಾಸ್ತಿ ನೀರು. ಆಗಸ್ಟ್ ಬಿಸಿಲಲ್ಲಿ ಮಣ್ಣು ಒಣಗಿದರೆ ಮೊಗ್ಗು ಅರಳದೇ ಉದುರುತ್ತದೆ. ಬುಡಕ್ಕೆ ಎಲೆಗೊಬ್ಬರ ದಪ್ಪಗೆ ಹರಡಿ. ಜಪಾನೀಸ್ ಬೀಟಲ್ ಎಲೆ ತಿಂದು ಜರಡಿ ಮಾಡುತ್ತದೆ. ಬೆಳಗಿನ ತಂಪಿಗೆ ಅವು ಮಂಕಾಗಿರುತ್ತವೆ, ಆಗ ಸೋಪಿನ ನೀರಿಗೆ ಉದುರಿಸಿದರೆ ಔಷಧಿಯೇ ಬೇಡ.

ಕೆಂಪೇ ಬೇಕು ಅಂದರೆ ‘ಲಾರ್ಡ್ ಬಾಲ್ಟಿಮೋರ್’ ಕೇಳಿ. ಜಾಗ ಚಿಕ್ಕದಾದರೆ ‘ಲೂನಾ’, ಮೂರಡಿ ದಾಟೋದಿಲ್ಲ. ವಸಂತದಲ್ಲಿ ನರ್ಸರಿಗೆ ಹೋದರೆ ಕುಂಡದಲ್ಲಿ ಕಡ್ಡಿ ಬಿಟ್ಟು ಏನೂ ಕಾಣೋದಿಲ್ಲ. ಜುಲೈನಲ್ಲಿ ಹೋಗಿ, ಅರಳಿದ ಹೂವಿನ ಬಣ್ಣ ನೋಡಿಯೇ ತನ್ನಿ. ಆಗಸ್ಟ್ ಮುಗಿಯುವುದರೊಳಗೆ ನೆಟ್ಟರೆ ಚಳಿಗೆ ಮುಂಚೆ ಬೇರು ಹಿಡಿಯಲು ಸಮಯ ಸಿಗುತ್ತದೆ.