ಬಸಪ್ಪನಿಗೆ ಇಬ್ಬರು ಅಪ್ಪಂದಿರು: ಹೆಳವರಿಂದ ವಂಶಾವಳಿ ಓದಿಸಿದ ಮೇಲೆ

ನಿಮ್ಮ ಮನೆತನಕ್ಕೆ ಹೆಳವರು ಇದ್ದರೆ, ಮುಂದಿನ ಸಲ ಅವರು ಬಂದಾಗ ಒಂದು ಮೊರ ಜೋಳ ಕೊಟ್ಟು ಬಾಗಿಲಿಂದಲೇ ಕಳಿಸಬೇಡಿ. ಒಳಗೆ ಕರೆದು ಕೂರಿಸಿ, ಹೊತ್ತಿಗೆ ಬಿಚ್ಚಿಸಿ, ಮೂಲಪುರುಷನಿಂದ ಹಿಡಿದು ಈಗಿನ ಕೂಸಿನವರೆಗೆ ಪೂರ್ತಿ ಓದಿಸಿ. ವಂಶಾವಳಿ ಹುಡುಕುವುದಕ್ಕೆ ನಾವು ದುಡ್ಡು ಕೊಟ್ಟು ಮಾಡಿಸಿದ ಕೆಲಸಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಕೊರತೆಗಳೂ ಇವೆ, ಅವನ್ನೂ ಬರೆಯುತ್ತೇನೆ.

ದಕ್ಷಿಣದ ಕಡೆಯವರಿಗೆ ಹೆಳವರು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗುವ ಸಮುದಾಯ ಇದು, ಉತ್ತರ ಕರ್ನಾಟಕದಲ್ಲಿ ಜಾಸ್ತಿ. ಮೊದಲೆಲ್ಲಾ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು. ಈಗ ಬೈಕಿನಲ್ಲಿ, ಟಂಟಂನಲ್ಲಿ ಬರುತ್ತಾರೆ. ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಕ್ಕೊಮ್ಮೆ. ಯಾವ ಹೆಳವರಿಗೆ ಯಾವ ಮನೆತನ ಅನ್ನುವುದು ಮೊದಲೇ ಗೊತ್ತಿರುತ್ತದೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚಿಕೊಂಡ ಹಾಗೆ ಅವರು ಒಕ್ಕಲು ಮನೆಗಳನ್ನೂ ಹಂಚಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಮನೆತನದ ಹೊತ್ತಿಗೆ ಎಲ್ಲರ ಹತ್ತಿರ ಸಿಗುವುದಿಲ್ಲ, ನಿಮ್ಮ ಹೆಳವರ ಹತ್ತಿರವೇ ಸಿಗಬೇಕು.

ನಮಗೆ ಯಾಕೆ ಬೇಕಾಯಿತು ಅಂದರೆ, ಮನೆಯಲ್ಲಿ ವಾಟ್ನಿ, ಅಂದರೆ ಆಸ್ತಿ ಪಾಲು ಮಾಡುವ ಮಾತು ಎದ್ದಿತ್ತು. ವಂಶವೃಕ್ಷ ಬರೆಯಲು ಕೂತಾಗ ಮುತ್ಯಾನ (ಅಜ್ಜನ) ಅಪ್ಪನ ಹತ್ತಿರ ಬಂದು ನಿಂತುಹೋಯಿತು. ಅವರನ್ನು ಇಲ್ಲಿ ಬಸಪ್ಪ ಅಂತ ಕರೆಯುತ್ತೇನೆ, ನಿಜವಾದ ಹೆಸರಲ್ಲ. ಮನೆಯ ಎಲ್ಲ ಕವಲೂ ಅವರಿಂದಲೇ ಹೊರಟದ್ದು. ಆದರೆ ಅವರು ಯಾರ ಮಗ ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹೊಲದ ಹಳೆಯ ಸರ್ಕಾರಿ ಕಾಗದ, ಅಂದರೆ ಉತಾರ, ವರ್ದಿ ಎಲ್ಲ ತೆಗೆಸಿದೆವು. ಅದರಲ್ಲಿ 'ಬಸಪ್ಪ ಬಿನ್ ಶಿವಪ್ಪ' ಅಂತಿದೆ. ಮನೆಯ ಅಟ್ಟದ ಮೇಲೆ ಒಂದು ಹಿತ್ತಾಳೆ ಕೊಡ ಇದೆ, ಅವರ ಮದುವೆಯಲ್ಲಿ ಬಂದದ್ದು ಅಂತ ಆಯಿ ಹೇಳುತ್ತಿದ್ದಳು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದಾರೆ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮಾತ್ರ ಓದಲು ಬರುತ್ತದೆ. ಅಲ್ಲಿ 'ಬಸಪ್ಪ ಮಲ್ಲಪ್ಪ' ಅಂತಿದೆ. ನಮ್ಮ ಕಡೆ ಮೊದಲು ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು. ಅಂದರೆ ಅಪ್ಪ ಮಲ್ಲಪ್ಪ. ಇನ್ನು ಮುತ್ಯಾ ಕಲಿತ ಕನ್ನಡ ಶಾಲೆಯ ರಜಿಸ್ಟರ್‌ನಲ್ಲಿ ನಮ್ಮ ಅಡ್ಡಹೆಸರೇ ಬೇರೆ! ಅದು ಭೀಮಾ ನದಿಯ ಆಚೆ ದಂಡೆಯ ಒಂದು ಊರಿನ ಹೆಸರಿನಿಂದ ಬಂದದ್ದು. ನಮಗೆ ಆ ಊರಿನ ಜೊತೆ ಹೋಗಿಬರುವ ಸಂಬಂಧವೇ ಇಲ್ಲ.

ಮನೆಯಲ್ಲಿ ಆಗಲೇ ಎರಡು ಪಂಗಡ ಆಗಿತ್ತು. ದೊಡ್ಡ ಕಾಕಾ ಉತಾರವೇ ಸರಿ, ಸರ್ಕಾರಿ ಕಾಗದ ಸುಳ್ಳು ಹೇಳುವುದಿಲ್ಲ ಅಂದರು. ಅತ್ತೆಗೆ ಕೊಡವೇ ಸರಿ. ಕಾಗದ ಬರೆದವನು ಊರಿನ ಲೆಕ್ಕ ಬರೆಯುವ ಕುಲಕರ್ಣಿ, ಕೊಡ ಕೊಟ್ಟವರು ಮನೆಯವರು ಅಂತ ಅವರ ವಾದ. ಇಬ್ಬರು ಬೇರೆ ಬೇರೆ ಬಸಪ್ಪ ಇದ್ದಿರಬಹುದು ಅಂತಲೂ ಒಬ್ಬರು ಅಂದರು. ಅದೂ ಆಗುವ ಮಾತೇ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಪದ್ಧತಿಯಲ್ಲಿ ಒಂದೇ ಮನೆಯಲ್ಲಿ ಮೂರು ಬಸಪ್ಪ ಇದ್ದರೂ ಆಶ್ಚರ್ಯವಿಲ್ಲ ಅಲ್ವಾ.

ಈ ನಡುವೆ ವಂಶವೃಕ್ಷ ಮಾಡುವ ಒಂದು ಆ್ಯಪ್‌ಗೂ ದುಡ್ಡು ಕಟ್ಟಿದ್ದೆವು. ಹುಟ್ಟಿದ ತಾರೀಖು ಹಾಕು ಅನ್ನುತ್ತದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ, ಅದಕ್ಕೂ ಒಂದು ಶತಮಾನ ಹಿಂದೆ ಹಳ್ಳಿಯಲ್ಲಿ ಹುಟ್ಟಿದವರ ತಾರೀಖು ಎಲ್ಲಿಂದ ತರುವುದು? ಆ ಆ್ಯಪ್ ಬಗ್ಗೆ ಇಷ್ಟು ಸಾಕು.

ಹೆಳವರು ಬಂದದ್ದು ಸಂಜೆ ಹೊತ್ತಿಗೆ, ಅಪ್ಪ ಮಗ ಇಬ್ಬರು. ಕಾಕಾ ಫೋನ್ ಮಾಡಿ ಕರೆಸಿದ್ದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದೆವು. ಹೊತ್ತಿಗೆ ಅಂದರೆ ಉದ್ದನೆಯ ದಪ್ಪ ಪುಸ್ತಕ, ಕೆಂಪು ಬಟ್ಟೆಯಲ್ಲಿ ಸುತ್ತಿದ್ದು. ಬಿಚ್ಚುವ ಮುಂಚೆ ಕುಂಕುಮ ಹಚ್ಚಿ, ಕಾಯಿ ಒಡೆಸಿದರು. ಹಿರಿಯರು ಓದುವುದು ಅಂತಲ್ಲ, ಹಾಡಿನ ಹಾಗೆ ಒಂದೇ ಉಸಿರಿನಲ್ಲಿ ಹೇಳಿಕೊಂಡು ಹೋಗುತ್ತಾರೆ, ಪುಟದ ಮೇಲೆ ಬೆರಳು ಮಾತ್ರ ಓಡುತ್ತಿರುತ್ತದೆ. ಮೊದಲು ಬೆಡಗು (ಗೋತ್ರದ ಹಾಗೆ ಕುಲದ ಕವಲು), ಮನೆದೇವರು, ಮೂಲ ಊರು. ಆಮೇಲೆ ಇಂಥವನಿಗೆ ಇಷ್ಟು ಗಂಡು ಮಕ್ಕಳು, ದೊಡ್ಡವನು ಇಲ್ಲಿ ಉಳಿದ, ನಡುವಿನವನು ಇಂಥ ಊರಿಗೆ ಹೋದ, ಕಿರಿಯವನ ಬಳ್ಳಿ ಬೆಳೆಯಲಿಲ್ಲ, ಹೀಗೆ.

ಶಿವಪ್ಪನ ಹೆಸರು ಬಂತು. ಎಲ್ಲರೂ ಸುಮ್ಮನಾದರು. ಅವರು ಅದೇ ರಾಗದಲ್ಲಿ, 'ಶಿವಪ್ಪಗ ಬರದಾಗ ಮಕ್ಕಳು ಉಳೀಲಿಲ್ಲ, ಹೊಳಿ ಆಚೆ ಮೊಗಲಾಯಿ (ನಿಜಾಮರ ಸೀಮೆ) ಮಲ್ಲಪ್ಪನ ಎರಡನೇ ಮಗ ಬಸಪ್ಪ ಈ ಮನೀಗೆ ದತ್ತಕ' ಅಂದು ಮುಂದಕ್ಕೆ ಹೋಗಿಯೇಬಿಟ್ಟರು. ಅತ್ತೆ 'ನಿಲ್ರಿ, ನಿಲ್ರಿ, ಅದನ್ನ ಇನ್ನೊಮ್ಮೆ ಹೇಳ್ರಿ' ಅಂತ ಕೂಗಿದರು. ಮತ್ತೆ ಹಿಂದಕ್ಕೆ ಬಂದು ಹೇಳಿದರು. ಅದೇ ಮಾತು, ಒಂದಕ್ಷರವೂ ಬದಲಾಗಲಿಲ್ಲ.

ಬಸಪ್ಪ ಶಿವಪ್ಪನ ಮಗನೂ ಹೌದು, ಮಲ್ಲಪ್ಪನ ಮಗನೂ ಹೌದು. ಉತಾರವೂ ಸರಿ, ಕೊಡವೂ ಸರಿ. ಕೊಡ ಬಂದದ್ದು ಹೆತ್ತ ಮನೆಯಿಂದ ಅಂತ ಕಾಣುತ್ತದೆ.

ಸುಮ್ನೆ ಹೇಳಿದ್ದನ್ನೆಲ್ಲ ನಂಬುವ ಮನೆ ನಮ್ಮದಲ್ಲ. ದತ್ತಕ ಆಗಿದ್ದರೆ ಕಾಗದ ಇರಬೇಕಲ್ಲ ಅಂತ ಕಾಕಾ ಟ್ರಂಕು ತೆಗೆದರು. ಅದರ ತಳದಲ್ಲಿ ಯಾರಿಗೂ ಓದಲು ಬಾರದ ಒಂದು ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹ) ಕಾಗದ ವರ್ಷಗಟ್ಟಲೆ ಬಿದ್ದಿತ್ತು. ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಕಡೆಯ ಹಳೆಯ ಕಾಗದ ಪತ್ರ ಎಷ್ಟೋ ಈ ಮೋಡಿಯಲ್ಲೇ ಇವೆ. ಮೋಡಿ ಬಲ್ಲ ನಿವೃತ್ತ ಮಾಸ್ತರರೊಬ್ಬರಿಗೆ ತೋರಿಸಿದೆವು. ದತ್ತಕ ಪತ್ರವೇ! ಆದರೆ ಶಕೆ ಎಷ್ಟು ಅಂತ ಬರೆದ ಮೂಲೆಯನ್ನು ಗೆದ್ದಲು ತಿಂದಿತ್ತು, 'ಈಶ್ವರ ನಾಮ ಸಂವತ್ಸರ' ಅನ್ನುವುದಷ್ಟೇ ಉಳಿದಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಈಶ್ವರ 1817ರಲ್ಲೂ ಬಂದಿತ್ತು, 1877ರಲ್ಲೂ, 1937ರಲ್ಲೂ. ಮುತ್ಯಾ ಹುಟ್ಟಿದ್ದು 1914 ಅಂತ ಶಾಲೆಯ ರಜಿಸ್ಟರ್ ಹೇಳುತ್ತದೆ, ಆದ್ದರಿಂದ ಅವರ ಅಪ್ಪ 1937ರಲ್ಲಿ ದತ್ತಕ ಹೋಗುವ ಕೂಸಲ್ಲ, 1817ರಲ್ಲಿ ಹುಟ್ಟಿರಲೂ ಸಾಧ್ಯವಿಲ್ಲ. ಉಳಿದದ್ದು 1877.

ಅದು ಎಂಥ ವರ್ಷ ಅನ್ನುವುದು ಗೊತ್ತಾದಾಗ ಹೆಳವರು ಹೇಳಿದ 'ಬರದಾಗ' ಅನ್ನುವ ಒಂದು ಮಾತು ಎಷ್ಟು ಭಾರದ್ದು ಅಂತ ಅರ್ಥವಾಯಿತು. ಧಾತು, ಈಶ್ವರ, ಈ ಎರಡು ಸಂವತ್ಸರದ ಬರವೇ 1876ರಿಂದ 78ರ ದೊಡ್ಡ ಬರ. ಈಗಿನ ವಿಜಯಪುರ, ಬಾಗಲಕೋಟೆ ಕಡೆಗೆ ಆಗ ಕಲಾದಗಿ ಜಿಲ್ಲೆ ಅಂತಿತ್ತು. 1872ರ ಜನಗಣತಿಯಲ್ಲಿ ಅಲ್ಲಿ ಇದ್ದ ಜನರಿಗೂ 1881ರಲ್ಲಿ ಇದ್ದವರಿಗೂ ಹೋಲಿಸಿದರೆ ಸುಮಾರು ಐದನೇ ಒಂದು ಪಾಲು ಜನ ಇಲ್ಲವಾಗಿದ್ದರು. ಶಿವಪ್ಪನ ಮಕ್ಕಳು ಆ ಲೆಕ್ಕದೊಳಗೇ ಇದ್ದಾರೆ. ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಹೆಳವರ ಹೊತ್ತಿಗೆಯಲ್ಲಿ ಮಾತ್ರ ಎರಡು ಹೆಸರಿವೆ, ಮುಂದೆ ಏನೂ ಬರೆದಿಲ್ಲ. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಆ ಇಬ್ಬರು ಬದುಕಿದ್ದರೆ ನಾವ್ಯಾರೂ ಈ ಮನೆಯವರಾಗುತ್ತಿರಲಿಲ್ಲ.

ಸರ್ಕಾರಿ ಕಾಗದದಲ್ಲಿ ಇದು ಯಾಕೆ ಸಿಗಲಿಲ್ಲ? ಮುಂಬೈ ಪ್ರಾಂತ್ಯದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಅಷ್ಟೊತ್ತಿಗೆ ಬಸಪ್ಪ ಶಿವಪ್ಪನ ಮಗನಾಗಿ ಕಾಲು ಶತಮಾನ ಕಳೆದಿತ್ತು. ಹೊಲದ ಕಾಗದಕ್ಕೆ ಬೇಕಾದದ್ದು ಹೊಲ ಯಾರಿಂದ ಯಾರಿಗೆ ಬಂತು ಅನ್ನುವುದು ಮಾತ್ರ. ದತ್ತಕ ಹೋದವನಿಗೆ ಹೆತ್ತ ಮನೆಯ ಆಸ್ತಿಯಲ್ಲಿ ಪಾಲಿಲ್ಲ, ಹಾಗಾಗಿ ಅಲ್ಲಿಯ ಕಾಗದದಿಂದಲೂ ಅವನ ಹೆಸರು ಹೋಗುತ್ತದೆ. ಆದರೆ ಮದುವೆ ಮಾಡುವಾಗ ಹುಟ್ಟಿದ ಮನೆ ಲೆಕ್ಕಕ್ಕೆ ಬರುತ್ತದೆ. ಹೆತ್ತ ಮನೆಯ ಬೆಡಗಿನಲ್ಲಿ ಹೆಣ್ಣು ತರುವ ಹಾಗಿಲ್ಲ. 1956ರ ದತ್ತಕ ಕಾಯ್ದೆಯೂ ಇದನ್ನು ಬಿಟ್ಟಿಲ್ಲ, ಹುಟ್ಟಿದ ಮನೆಯಲ್ಲಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ದತ್ತಕ ಹೋದ ಮೇಲೂ ಅವರನ್ನು ಆಗುವಂತಿಲ್ಲ ಅನ್ನುತ್ತದೆ. ಹೆಳವರನ್ನು ಮನೆತನಗಳು ಸಾಕಿಕೊಂಡು ಬಂದದ್ದು ಈ ರಕ್ತಸಂಬಂಧದ ಲೆಕ್ಕಕ್ಕೂ ಹೌದು, ಆದ್ದರಿಂದ ಹೊಲದ ಕಾಗದ ಬಿಟ್ಟ ಮನುಷ್ಯನನ್ನು ಅವರ ಹೊತ್ತಿಗೆ ಬಿಡುವುದಿಲ್ಲ. ಹಳೆಯವರನ್ನು ಹುಡುಕುವ ಯಾರಿಗೇ ಆದರೂ ನಾನು ಹೇಳುವುದು ಇದನ್ನೇ. ಎರಡು ದಾಖಲೆ ಜಗಳ ಆಡಿದರೆ ಯಾವುದು ಸುಳ್ಳು ಅಂತ ಕೇಳುವ ಮುಂಚೆ, ಯಾವುದನ್ನು ಯಾಕೆ ಬರೆದರು ಅಂತ ಕೇಳಿ.

ಹೊಳೆ ಆಚೆಯ ಊರಿಗೂ ಹೋದೆವು. ಭೀಮಾ ನದಿಯ ಈಚೆ ಇಂಗ್ರೇಜಿ, ಆಚೆ ನಿಜಾಮರ ಮೊಗಲಾಯಿ, 1956ರಲ್ಲಿ ಮೈಸೂರು ರಾಜ್ಯದೊಳಗೆ ಒಂದಾಗುವ ತನಕ ಎರಡು ಬೇರೆ ಆಡಳಿತ. ಅಲ್ಲಿಯ ಹಳೆಯ ಕಾಗದ ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ, ಅಂದರೆ ಕಂದಾಯದ ಲೆಕ್ಕದ ವರ್ಷದಲ್ಲಿ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಬರುತ್ತದೆ. ಓದಿಸಿದಾಗ ಮಲ್ಲಪ್ಪನ ಹೆಸರಿತ್ತು, ಮೂವರು ಮಕ್ಕಳಿದ್ದರು, ಬಸಪ್ಪ ಇರಲಿಲ್ಲ. ಆ ಊರಿನ ಮನೆತನಕ್ಕೆ ಬೇರೆ ಹೆಳವರು. ಅವರನ್ನು ಹುಡುಕಿ ನಮ್ಮ ಕಥೆ ಏನೂ ಹೇಳದೆ ಓದಿಸಿದೆವು. ಮಲ್ಲಪ್ಪನ ಮಕ್ಕಳು ನಾಲ್ವರು, ಎರಡನೆಯವನು ಬಸಪ್ಪ, ಹೊಳೆ ಈಚೆ ದತ್ತಕ. ಒಬ್ಬರ ಹೊತ್ತಿಗೆ ಇನ್ನೊಬ್ಬರು ನೋಡದವರು ಒಂದೇ ಮಾತು ಹೇಳಿದ ಮೇಲೆ ನಾನಂತೂ ಇನ್ನು ಅನುಮಾನ ಪಡುವುದಿಲ್ಲ. ಶಾಲೆಯ ರಜಿಸ್ಟರ್‌ನ ಆ ಅಡ್ಡಹೆಸರಿಗೂ ಉತ್ತರ ಸಿಕ್ಕಿತು.

ಎಲ್ಲವೂ ಹೊಂದಿಬಿಟ್ಟಿತು ಅಂತಲ್ಲ. ನಮ್ಮ ಹೆಳವರ ಪ್ರಕಾರ ಶಿವಪ್ಪ, ಮಲ್ಲಪ್ಪ ಒಡಹುಟ್ಟಿದವರು. ಆಚೆಯವರ ಪ್ರಕಾರ ದಾಯಾದಿಗಳು. ಮೂಲ ಊರನ್ನೂ ಇಬ್ಬರು ಬೇರೆ ಬೇರೆ ಹೇಳುತ್ತಾರೆ. ಅದು ಹಾಗೆಯೇ ಉಳಿದಿದೆ.

ಈಗ ಕೊರತೆ. ಹೊತ್ತಿಗೆ ಹಳೆಯದಾದಾಗ ಹೊಸದಕ್ಕೆ ನಕಲು ಮಾಡುತ್ತಾರೆ, ನಕಲಿನಲ್ಲಿ ಒಂದು ಸಾಲು ಮೇಲೆ ಕೆಳಗೆ ಆಗುವುದುಂಟು. ನಮ್ಮದರಲ್ಲಿ ಚಿಕ್ಕ ಕಾಕಾನ ಮಗ ಅವನ ಅಣ್ಣನ ಕೆಳಗೆ ಬಂದಿದ್ದ, ಕೂತಲ್ಲೇ ತಿದ್ದಿಸಿದೆವು. ಇತ್ತೀಚಿನ ಹೆಸರುಗಳೆಲ್ಲ ಮನೆಯವರು ಹೇಳಿದ್ದನ್ನು ಕೇಳಿ ಬರೆದದ್ದು, ಹಾಗಾಗಿ ಮನೆಯಲ್ಲಿ ಯಾರಾದರೂ ಒಬ್ಬರ ಹೆಸರು ಬೇಕೆಂದೇ ಬಿಟ್ಟು ಹೇಳಿದ್ದರೆ ಹೊತ್ತಿಗೆಯಲ್ಲೂ ಬಿಟ್ಟೇ ಹೋಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಹೆಣ್ಣುಮಕ್ಕಳದ್ದು. ಬಸಪ್ಪನನ್ನು ಹೆತ್ತವಳ ಹೆಸರೇನು ಅಂತ ಅತ್ತೆ ಕೇಳಿದರು. ಹೊತ್ತಿಗೆಯಲ್ಲಿ ಅವಳ ತವರೂರು ಇದೆ, ಹೆಸರಿಲ್ಲ. ಬರಗಾಲದಲ್ಲಿ ಮಗನನ್ನು ಹೊಳೆ ದಾಟಿಸಿ ಕೊಟ್ಟ ತಾಯಿ, ಅವಳ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಇದು ನನಗೆ ಈಗಲೂ ನೋವು. 'ಹಿಂದಿನವ್ರು ಬರೀಲಿಲ್ರಿ ಅವ್ವಾರ, ಈಗ ನಾವು ಬರೀತೀವಿ' ಅಂದರು ಹಿರಿಯರು. ನಮ್ಮ ಮನೆಯ ಹೆಣ್ಣುಮಕ್ಕಳ, ಸೊಸೆಯಂದಿರ ಹೆಸರನ್ನೆಲ್ಲ ಅತ್ತೆ ಪಕ್ಕದಲ್ಲಿ ಕೂತು ಬರೆಸಿದರು, ಓದಿ ಹೇಳಿಸಿ ಖಾತ್ರಿ ಮಾಡಿಕೊಂಡರು. ನಿಮ್ಮ ಮನೆಯಲ್ಲೂ ಇದನ್ನು ದಯವಿಟ್ಟು ಮಾಡಿಸಿ.

ದರ ಅಂತ ಏನೂ ಇಲ್ಲ. ಮೊದಲು ಕರು, ಎತ್ತು ಕೊಡುತ್ತಿದ್ದರಂತೆ. ನಾವು ಒಂದು ಚೀಲ ಜೋಳ, ಧೋತರ, ಸೀರೆ, ಮೇಲೆ ಕೈಯಲ್ಲಿ ದುಡ್ಡು ಕೊಟ್ಟೆವು. ಚೌಕಾಸಿ ಮಾಡಬೇಡಿ. ಆ ಹಿರಿಯರ ಮಗ ಈಗ ಪುಣೆಯಲ್ಲಿ ಕೆಲಸಕ್ಕೆ ಹೋಗುತ್ತಾನೆ, ಅಪ್ಪನ ಜೊತೆ ರಜೆ ಹಾಕಿ ಬಂದಿದ್ದ. ಮುಂದೆ ಯಾರು ಓದುತ್ತಾರೆ ಅಂತ ಕೇಳಿದ್ದಕ್ಕೆ ಇಬ್ಬರೂ ಸರಿಯಾಗಿ ಉತ್ತರ ಕೊಡಲಿಲ್ಲ.

ಕರೆಸುವವರು ಮೊದಲೇ ಮನೆಯ ಹಿರಿಯರನ್ನೆಲ್ಲ ಒಂದೇ ದಿನ ಸೇರಿಸಿ, ಬೇರೆಯಾದ ಕವಲಿನವರನ್ನೂ ಕರೆಯಿರಿ, ಜಗಳ ಇದ್ದರೂ. ಹೇಳುವಾಗ ಧ್ವನಿ ರೆಕಾರ್ಡ್ ಮಾಡಲು ಕೇಳಿ, ನಮ್ಮವರು ಬೇಡ ಅನ್ನಲಿಲ್ಲ. ಪುಟದ ಫೋಟೋಗೆ ಮಾತ್ರ ಒಪ್ಪಲಿಲ್ಲ, ಬೇರೆ ಮನೆತನದ ಹೆಸರು ಅದೇ ಪುಟದಲ್ಲಿ ಇರುತ್ತವೆ ಅಂದರು. ಅದು ನ್ಯಾಯವೇ. ನಿಮ್ಮ ಹತ್ತಿರ ಇರುವ ಕಾಗದದ ಕಥೆಯನ್ನು ಮುಂಚೆಯೇ ಅವರಿಗೆ ಹೇಳಬೇಡಿ, ಅವರು ಮುಗಿಸಿದ ಮೇಲೆ ತೆಗೆಯಿರಿ. ಹಳೆಯ ಕೈಬರಹದ ದಾಖಲೆ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ. ಭೂಮಿ ವೆಬ್‌ಸೈಟಿನಲ್ಲಿ ಸಿಗುವುದು ಹೆಚ್ಚಾಗಿ ಕಂಪ್ಯೂಟರ್ ಬಂದ ಮೇಲಿನದು.

ಆಚೆ ಊರಿನ ಮಲ್ಲಪ್ಪನ ಉಳಿದ ಮೂರು ಮಕ್ಕಳ ಕವಲಿನವರು ಈ ಸಲ ನಮ್ಮ ಮನೆದೇವರ ಜಾತ್ರೆಗೆ ಬರುತ್ತೇವೆ ಅಂದಿದ್ದಾರೆ. ಬಸಪ್ಪನ ತಾಯಿಯ ತವರೂರಿನ ಹೆಳವರು ಯಾರು ಅಂತ ಕಾಕಾ ಈಗ ಹುಡುಕುತ್ತಿದ್ದಾರೆ, ಇಂಡಿ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಗೊತ್ತಿದ್ದರೆ ಕೆಳಗೆ ತಿಳಿಸಿ.