ಒಂದೇ ಕತೆಯ ಎರಡು ಸಿನಿಮಾ: ಮ್ಯೂಟ್ ಮಾಡಿ ನೋಡಿದಾಗ

ಮನೆಯಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವನು, ಮೂವರಿಗೂ ಕಿವಿ ಕೇಳಿಸುವುದಿಲ್ಲ. ಕೇಳಿಸುವುದು ಮಗಳಿಗೆ ಮಾತ್ರ. ಅವಳಿಗೋ ಹಾಡಿನ ಹುಚ್ಚು. 2014ರ ಫ್ರೆಂಚ್ ಚಿತ್ರ ‘ಲಾ ಫಾಮಿಲ್ ಬೆಲಿಯೇ’ಯಲ್ಲಿ ಇದು ಹಸು ಸಾಕಿ ಚೀಸ್ ಮಾರುವವರ ಮನೆ. ಅದನ್ನೇ ಆಧರಿಸಿದ 2021ರ ‘ಕೋಡಾ’ದಲ್ಲಿ ಅಮೆರಿಕದ ಗ್ಲೌಸ್ಟರ್ ಊರಿನ ಮೀನುಗಾರರ ಮನೆ. ಕಿವುಡ ಅಪ್ಪ ಅಮ್ಮ, ಹಾಡುವ ಮಗಳು ಅಂದಕೂಡಲೇ 1996ರ ಹಿಂದಿ ಸಿನಿಮಾ ‘ಖಾಮೋಶಿ’ ನೆನಪಾಯಿತು, ಅಲ್ವಾ? ನನಗೂ ಆಯಿತು.

ಎರಡನ್ನೂ ಬೆನ್ನುಬೆನ್ನಿಗೆ ನೋಡಿದೆ. ಆಮೇಲೆ ಮ್ಯೂಟ್ ಮಾಡಿ, ಸಬ್‌ಟೈಟಲ್ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ವ್ಯತ್ಯಾಸ ಗೊತ್ತಾಗಿದ್ದು ಆಗಲೇ.

ಫ್ರೆಂಚ್ ಚಿತ್ರದ ಅಪ್ಪ ಅಮ್ಮನ ಪಾತ್ರ ಮಾಡಿದ ಫ್ರಾಂಸ್ವಾ ಡೇಮಿಯನ್ಸ್, ಕರಿನ್ ವಿಯಾರ್ ಇಬ್ಬರಿಗೂ ಕಿವಿ ಕೇಳಿಸುತ್ತದೆ. ಒಳ್ಳೆಯ ನಟರೇ. ಆದರೆ ಸದ್ದು ತೆಗೆದರೆ ಅವರ ಮುಖವೇ ಜಾಸ್ತಿ ದುಡಿಯುತ್ತದೆ, ಕೈ ಹಿಂದೆ ಉಳಿಯುತ್ತದೆ. ‘ಕೋಡಾ’ದ ಮೂವರೂ ನಿಜವಾಗಿ ಕಿವುಡರು. ಅಪ್ಪನಾಗಿರುವ ಟ್ರಾಯ್ ಕಾಟ್ಸರ್ ಕೈಗಳಲ್ಲೇ ಬೈಯುತ್ತಾರೆ, ರೇಗಿಸುತ್ತಾರೆ, ಪೋಲಿ ಜೋಕ್ ಹೊಡೆಯುತ್ತಾರೆ. ಮಗಳ ಜೊತೆ ಹಾಡಲು ಬಂದ ಹುಡುಗನಿಗೆ ಅವರು ಕೊಡುವ ಉಪದೇಶಕ್ಕೆ ಸಬ್‌ಟೈಟಲ್ಲೇ ಬೇಡ! 2022ರಲ್ಲಿ ಅವರಿಗೆ ಪೋಷಕ ನಟ ಆಸ್ಕರ್ ಬಂತು. ಅಮ್ಮನಾಗಿರುವ ಮಾರ್ಲೀ ಮ್ಯಾಟ್ಲಿನ್ 1987ರಲ್ಲೇ ಆಸ್ಕರ್ ಗೆದ್ದವರು.

ಎರಡರಲ್ಲೂ ಒಂದು ದೃಶ್ಯವಿದೆ. ಶಾಲೆಯ ಕಾರ್ಯಕ್ರಮದಲ್ಲಿ ಮಗಳು ಹಾಡುತ್ತಿರುವಾಗ ಸದ್ದು ಪೂರ್ತಿ ನಿಂತುಹೋಗುತ್ತದೆ. ಅಪ್ಪ ಅಕ್ಕಪಕ್ಕದವರ ಮುಖ ನೋಡುತ್ತಾನೆ. ಮಗಳು ಹೇಗೆ ಹಾಡುತ್ತಿದ್ದಾಳೆ ಅಂತ ಅವನಿಗೆ ತಿಳಿಯುವುದು ಅವರ ಕಣ್ಣುಗಳಿಂದ. ಆಮೇಲೆ ‘ಕೋಡಾ’ದಲ್ಲಿ ರಾತ್ರಿ ಟ್ರಕ್ಕಿನ ಹಿಂಬದಿಯಲ್ಲಿ ಕೂತು, ನನಗೋಸ್ಕರ ಹಾಡು ಅನ್ನುತ್ತಾನೆ. ಅವಳ ಗಂಟಲಿನ ಎರಡೂ ಕಡೆ ಕೈ ಇಡುತ್ತಾನೆ. ಇದೂ ಫ್ರೆಂಚ್ ಚಿತ್ರದಿಂದಲೇ ಬಂದಿದ್ದು, ಅಲ್ಲೂ ಚೆನ್ನಾಗಿದೆ. ಆದರೆ ಮ್ಯೂಟ್‌ನಲ್ಲಿ ಕಾಟ್ಸರ್ ಅವರ ಬೆರಳುಗಳನ್ನು ನೋಡುತ್ತಾ ನನಗೆ ಅಳು ತಡೆಯಲಾಗಲಿಲ್ಲ. ನನಗೆ ಏನೂ ಕೇಳಿಸುತ್ತಿರಲಿಲ್ಲ. ಹಾಡು ಅವರಿಗೆ ನನಗಿಂತ ಜಾಸ್ತಿ ಸಿಗುತ್ತಿತ್ತು.

ಮಗಳು ಸಂಗೀತ ಶಾಲೆ ಸೇರಲು ಕೊಡುವ ಕೊನೆಯ ಆಡಿಷನ್ ವಿಷಯಕ್ಕೆ ಬಂದರೆ ನನ್ನ ಮತ ಫ್ರೆಂಚ್ ಚಿತ್ರಕ್ಕೇ. ಅಲ್ಲಿ ಮಗಳಾಗಿರುವ ಲುವಾನ್ ಹಾಡುವ ಹಾಡೇ, ಅಪ್ಪ ಅಮ್ಮನಿಗೆ ಹೇಳಿ ಮನೆ ಬಿಟ್ಟು ಹೊರಡುವ ಮಗುವಿನ ಮಾತು. ಅದನ್ನು ಅವಳು ಸನ್ನೆಯಲ್ಲೂ ಹೇಳತೊಡಗಿದಾಗ ಅವರಿಗೆ ಒಂದೊಂದು ಸಾಲೂ ತಾಗುತ್ತದೆ. ‘ಕೋಡಾ’ದ ಹಾಡು ಇಂಪಾಗಿದೆ, ಮಗಳಾಗಿರುವ ಎಮಿಲಿಯಾ ಜೋನ್ಸ್ ಸೊಗಸಾಗಿ ಹಾಡಿದ್ದಾರೆ. ಆದರೂ ಆ ಮನೆಯ ಕತೆಗೆ ಅಷ್ಟು ನೇರವಾಗಿ ಅಂಟುವುದಿಲ್ಲ.

ಒಂದೇ ನೋಡುವುದಾದರೆ ‘ಕೋಡಾ’ ನೋಡಿ. ಎರಡಕ್ಕೂ ಬಿಡುವಿದ್ದರೆ ಫ್ರೆಂಚ್ ಚಿತ್ರ ಮೊದಲು. ಟ್ರಕ್ಕಿನ ದೃಶ್ಯವನ್ನಂತೂ ಒಮ್ಮೆ ಸದ್ದಿಲ್ಲದೆ ನೋಡಿ.