ಶಾಮನೂರು ಕಡೆಯ ಹೊಸ ಮನೆ: ಟಿವಿ, ಫೋನ್, ಇಂಟರ್ನೆಟ್ ಮೂರನ್ನೂ ಬೇರೆ ಬೇರೆ ಇಟ್ಟುಕೊಂಡ ಅನುಭವ

ದಾವಣಗೆರೆಯ ಪಿ.ಜೆ. ಬಡಾವಣೆಯ ಬಾಡಿಗೆ ಮನೆ ಬಿಟ್ಟು ಶಾಮನೂರು ಕಡೆಯ ಸ್ವಂತ ಮನೆಗೆ ಬಂದು ಕೆಲವು ವರ್ಷಗಳಾದವು. ಹೊಸದಾಗಿ ಮನೆ ಕಟ್ಟಿದವರು, ಬಾಡಿಗೆ ಮನೆ ಬದಲಿಸುವವರು ಈಗಲೂ ಕೇಳುತ್ತಾರೆ: ಯಾವ ಇಂಟರ್ನೆಟ್ ಹಾಕಿಸಿದಿರಿ, ಟಿವಿಗೆ ಏನು ಮಾಡಿದಿರಿ ಅಂತ. ನಾವು ಮೂರನ್ನೂ ಬೇರೆ ಬೇರೆ ದಾರಿಯಲ್ಲಿ ತರಿಸಿಕೊಂಡಿದ್ದೇವೆ. ಇಂಟರ್ನೆಟ್ ಫೈಬರ್ ತಂತಿಯಲ್ಲಿ ಬರುತ್ತದೆ. ಟಿವಿ ಮಾಳಿಗೆ ಮೇಲಿನ ಡಿಶ್‌ನಿಂದ ಬರುತ್ತದೆ. ಫೋನಿಗೆ ಎರಡು ಬೇರೆ ಕಂಪನಿಗಳ ಸಿಮ್ ಇವೆ. ಒಂದೇ ಕಂಪನಿ, ಒಂದೇ ಬಿಲ್ಲು ಅನ್ನುವ ಪ್ಯಾಕೇಜ್ ಕೇಳುವುದಕ್ಕೆ ಚೆನ್ನಾಗಿರುತ್ತದೆ, ಸ್ವಲ್ಪ ದುಡ್ಡೂ ಉಳಿಯುತ್ತದೆ. ಆದರೆ ಊರಂಚಿನ ಬಡಾವಣೆಗೆ ಅದು ಸರಿಹೋಗುವುದಿಲ್ಲ ಅನ್ನುವುದು ಇಷ್ಟು ವರ್ಷ ಬಳಸಿದ ಮೇಲೆ ನನಗೆ ಗಟ್ಟಿಯಾಗಿದೆ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು ಸಂಜೆ ಆನ್‌ಲೈನ್‌ನಲ್ಲಿ ಗಣಿತ ಪಾಠ ಹೇಳುತ್ತೇನೆ. ನೆಟ್ ಹೋದರೆ ಅತ್ತ ಕಡೆ ಮಕ್ಕಳು ಸುಮ್ನೆ ಕಾಯುತ್ತಾ ಕೂತಿರುತ್ತಾರೆ. ನಮ್ಮ ಮನೆಯವರಿಗೆ ಚೌಕಿಪೇಟೆಯಲ್ಲಿ ಬಟ್ಟೆ ವ್ಯಾಪಾರ, ಅವರಿಗೆ ಫೋನೇ ಎಲ್ಲ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅತ್ತೆ ಮಾತ್ರ ಮೊದಲೇ ಹೇಳಿಬಿಟ್ಟಿದ್ದರು: "ಧಾರಾವಾಹಿ ಹೊತ್ತಿಗೆ ಟಿವಿ ಬಂದ್ರೆ ಸಾಕಮ್ಮ, ಉಳಿದಿದ್ದು ನೀವು ನೋಡ್ಕೊಳ್ಳಿ."

ಮೊದಲು ಇಂಟರ್ನೆಟ್. ನಮ್ಮ ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೂ ನಿಮಗೆ ಉಪಯೋಗವಿಲ್ಲ. ನಮ್ಮ ಬೀದಿಯಲ್ಲಿ ಚೆನ್ನಾಗಿ ನಡೆಯುವ ಕಂಪನಿ ಎರಡು ಕ್ರಾಸ್ ಆಚೆ ಕೈಕೊಡಬಹುದು. ನಮ್ಮಂಥ ಊರಿನಲ್ಲಿ ದೊಡ್ಡ ಕಂಪನಿಯ ಫೈಬರ್ ಕೂಡ ಎಷ್ಟೋ ಕಡೆ ಸ್ಥಳೀಯ ಫ್ರಾಂಚೈಸಿಯವರ ಕೈಯಿಂದಲೇ ಮನೆಗೆ ಬರುತ್ತದೆ. ತಂತಿ ಎಳೆಯುವವರು, ಕಡಿದರೆ ಜೋಡಿಸುವವರು ಅವರೇ. ಹಾಗಾಗಿ ಜಾಹೀರಾತು ನೋಡುವ ಮೊದಲು ಪಕ್ಕದ ಮನೆಯವರನ್ನು ಕೇಳಿ: "ಲೈನ್ ಹೋದ್ರೆ ಯಾರು ಬರ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ?" ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ವೆಬ್‌ಸೈಟ್‌ನಲ್ಲಿ ಪಿನ್‌ಕೋಡ್ ಹಾಕಿದ ತಕ್ಷಣ 'ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯ' ಅಂತ ಬರುತ್ತದೆ. ಅದನ್ನು ನಂಬಿ ದುಡ್ಡು ಕಟ್ಟಬೇಡಿ. ಒಂದು ಖಾಸಗಿ ಕಂಪನಿ ನಮ್ಮಿಂದ ಮುಂಗಡ ಕಟ್ಟಿಸಿಕೊಂಡು, ಆಮೇಲೆ "ನಿಮ್ಮ ಕಂಬದ ತನಕ ಲೈನ್ ಬಂದಿಲ್ಲ ಮೇಡಂ" ಅಂತ ಕೈಚೆಲ್ಲಿತು. ಹಣ ವಾಪಸ್ ಬರುವಷ್ಟರಲ್ಲಿ ಸಾಕುಸಾಕಾಯಿತು. ಫೈಬರ್‌ನಲ್ಲಿ ಒಂದು ಎಳೆಯ ಬೆಳಕನ್ನು ಸ್ಪ್ಲಿಟರ್ ಎಂಬ ಸಣ್ಣ ಬಾಕ್ಸ್ 32 ಅಥವಾ 64 ಮನೆಗಳ ತನಕ ಹಂಚುತ್ತದೆ. ನಿಮ್ಮ ಮನೆ ಹತ್ತಿರದ ಕಂಬದಲ್ಲಿ ಆ ಬಾಕ್ಸ್ ಇರಬೇಕು, ಅದರಲ್ಲಿ ಪೋರ್ಟ್, ಅಂದರೆ ತಂತಿ ಸಿಕ್ಕಿಸುವ ಜಾಗ, ಖಾಲಿ ಇರಬೇಕು. ಇವೆರಡನ್ನೂ ಲೈನ್‌ನವರು ಬಂದು ಕಂಬ ನೋಡಿ ಹೇಳಿದ ಮೇಲೆಯೇ ಹಣದ ಮಾತು.

ನಮಗೆ ಲೈನ್ ಕೊಡಲು ಬಂದ ಹುಡುಗನ ಕೆಲಸ ನೋಡುವಂತಿತ್ತು. ಕಿಟಕಿ ಮೂಲೆಯಿಂದ ತಂತಿ ಒಳಗೆ ತಂದು, ತುದಿಯನ್ನು ಬೆಳಕು ಅಳೆಯುವ ಅಂಗೈಯಗಲದ ಮೀಟರಿಗೆ ಸಿಕ್ಕಿಸಿದ. ಮೈನಸ್ 26 ಅಂತ ತೋರಿಸಿತು. ಹುಡುಗ ಮುಖ ಸಿಂಡರಿಸಿದ. ಈ ಲೆಕ್ಕದಲ್ಲಿ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬೆಳಕು ಜಾಸ್ತಿ. ಮೈನಸ್ 27, 28ರ ಆಸುಪಾಸಿಗೆ ಹೋದರೆ ಮಾಡೆಮ್‌ಗೆ ಬೆಳಕು ಸಾಲುವುದಿಲ್ಲ. ಆ ದಿನ ನೆಟ್ ನಡೆಯುತ್ತಿತ್ತು ನಿಜ, ಆದರೆ ಜಾಯಿಂಟ್‌ಗೆ ಸ್ವಲ್ಪ ಧೂಳು ಕೂತರೂ ಲೈನ್ ಬೀಳುತ್ತಿತ್ತು. ಅವನು ತಂತಿಯ ಉದ್ದಕ್ಕೂ ಕೈಯಾಡಿಸುತ್ತಾ ಹೋದ. ಕಿಟಕಿ ಚೌಕಟ್ಟಿನ ಹತ್ತಿರ ಕ್ಲಿಪ್ ಹೊಡೆದ ಕಡೆ ತಂತಿ ಚೂಪಾಗಿ ಮಡಚಿತ್ತು. ಫೈಬರ್ ಒಳಗೆ ಗಾಜಿನ ಎಳೆ ಇರುವುದರಿಂದ ಮಡಚಿದ ಕಡೆ ಬೆಳಕು ಹೊರಗೆ ಸೋರುತ್ತದೆ. ಕ್ಲಿಪ್ ಕಿತ್ತು, ಅಷ್ಟು ತುಂಡು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿದ. ಮೈನಸ್ 20 ಬಂತು. "ಈಗ ಲೈಟ್ ಚೆನ್ನಾಗೈತಿ ನೋಡ್ರಿ ಅಕ್ಕ" ಅಂದ. ಆ ಅಂಕಿಯನ್ನು ಮಾಡೆಮ್ ಮೇಲೆಯೇ ಪೆನ್ನಿನಲ್ಲಿ ಬರೆಸಿಕೊಂಡೆ. ಸ್ಪೀಡ್ ಕಡಿಮೆಯಾದಾಗಲೆಲ್ಲ ಲೈನ್‌ನವರಿಗೆ ಆ ಅಂಕಿ ತೋರಿಸಿ ಮತ್ತೆ ಅಳೆಯಲು ಹೇಳುತ್ತೇನೆ. ಅಂಕಿ ಕಣ್ಣೆದುರು ಇದ್ದಾಗ "ನಮ್ಮ ಕಡೆಯಿಂದ ಸರಿ ಇದೆ" ಅನ್ನುವ ಉತ್ತರ ಬರುವುದಿಲ್ಲ.

ಲೈನ್ ಕಡಿಯುವುದು ಇಲ್ಲಿ ಮಾಮೂಲು. ಭದ್ರಾ ನಾಲೆಯ ನೀರಿರುವ ಭತ್ತದ ಸೀಮೆ ಇದು. ಕೊಯ್ಲಾದ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರ್‌ಗಳು ಬರುತ್ತವೆ. ಹೇರು ಎಷ್ಟು ಎತ್ತರ ಇರುತ್ತದೆ ಅಂದರೆ ರಸ್ತೆಗೆ ಅಡ್ಡ ಎಳೆದ ತಂತಿಗಳೆಲ್ಲ ಅದಕ್ಕೆ ಸಿಕ್ಕಿ ಕಿತ್ತುಬರುತ್ತವೆ. ಬೇಸಿಗೆ ಬೆಳೆಯ ಕೊಯ್ಲಿನಲ್ಲಿ ಒಮ್ಮೆ, ಮಳೆಗಾಲದ ಬೆಳೆ ಕೊಯ್ಲಾದಾಗ ಮತ್ತೊಮ್ಮೆ ಈ ತಾಪತ್ರಯ ಇದ್ದೇ ಇರುತ್ತದೆ. ಹೊಸ ಬಡಾವಣೆ ಅಂದಮೇಲೆ ನೀರಿನ ಪೈಪಿಗೆ, ಚರಂಡಿಗೆ ರಸ್ತೆ ಅಗೆಯುವುದೂ ತಪ್ಪಿದ್ದಲ್ಲ. ಮಾಡೆಮ್ ಮೇಲೆ 'ಲಾಸ್' (LOS) ಅಂತ ಬರೆದ ದೀಪ ಕೆಂಪಗೆ ಮಿನುಗಿದರೆ ತಂತಿಯಲ್ಲಿ ಬೆಳಕು ನಿಂತಿದೆ ಅಂತ ಅರ್ಥ. ಆಗ ಮಾಡೆಮ್ ಎಷ್ಟು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ. ನೇರವಾಗಿ "ಕೆಂಪು ದೀಪ ಬಂದಿದೆ" ಅಂತಲೇ ದೂರು ಕೊಡಿ.

ಮೂರೂ ಒಂದೇ ತಂತಿಯಲ್ಲಿ ಬೇಡ ಅಂದದ್ದು ಇದಕ್ಕೇ. ನಮ್ಮ ಎದುರು ಮನೆಯವರದು ಒಟ್ಟು ಪ್ಯಾಕೇಜ್. ಹುಲ್ಲಿನ ಟ್ರ್ಯಾಕ್ಟರ್ ಹೋಯಿತೆಂದರೆ ಅವರ ಮನೆಯಲ್ಲಿ ನೆಟ್ಟೂ ಇಲ್ಲ, ಟಿವಿಯೂ ಇಲ್ಲ, ಮನೆ ಫೋನೂ ಇಲ್ಲ. ಅವರ ಅಜ್ಜಿ ಧಾರಾವಾಹಿ ನೋಡಲು ನಮ್ಮ ಮನೆಗೆ ಬರುತ್ತಾರೆ. ಅಜ್ಜಿ ಬಂದರೆ ನಮ್ಮತ್ತೆಗೆ ಖುಷಿಯೇ, ಆ ಮಾತು ಬೇರೆ. ಆದರೆ ವಯಸ್ಸಾದವರು ಮಾತ್ರ ಇರುವ ಮನೆಯಲ್ಲಿ ಫೋನೂ ಒಟ್ಟಿಗೇ ಸತ್ತರೆ ಏನು ಗತಿ? ಹಳೆಯ ತಾಮ್ರದ ಲ್ಯಾಂಡ್‌ಲೈನ್‌ಗೆ ಕರೆಂಟು ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು. ಮನೆಯಲ್ಲಿ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಫೈಬರ್ ಫೋನ್ ಹಾಗಲ್ಲ, ಮಾಡೆಮ್‌ಗೆ ಕರೆಂಟು ಇಲ್ಲದಿದ್ದರೆ ಅದೂ ಇಲ್ಲ. ಇದನ್ನು ಪ್ಯಾಕೇಜ್ ಮಾರುವವರು ಯಾರೂ ಹೇಳುವುದಿಲ್ಲ. ಬೆಸ್ಕಾಂ ಲೈನ್ ಕೆಲಸ ಇದ್ದ ದಿನಗಳಿಗಾಗಿ ನಾವು 12 ವೋಲ್ಟಿನ ಸಣ್ಣ ರೂಟರ್ ಯುಪಿಎಸ್ ಇಟ್ಟಿದ್ದೇವೆ. ಮನೆಯ ಎಲ್ಲ ಖರ್ಚಿನಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಜಾಸ್ತಿ ನೆಮ್ಮದಿ ಕೊಟ್ಟ ವಸ್ತು ಅದು.

ಸ್ಪೀಡ್ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೈ ಡೆಫಿನಿಷನ್ ವಿಡಿಯೋಗೆ 5 ಎಂಬಿಪಿಎಸ್ ಸಾಕು. ನಾಲ್ಕೈದು ಜನರ ಮನೆಗೆ 50 ಎಂಬಿಪಿಎಸ್ ಆಸುಪಾಸಿನ ಪ್ಲಾನ್ ಧಾರಾಳವಾಗುತ್ತದೆ. ಪಾಠ ಹೇಳುವವರು, ಮನೆಯಿಂದ ಕೆಲಸ ಮಾಡುವವರು ಡೌನ್‌ಲೋಡ್ ಜೊತೆಗೆ ಅಪ್‌ಲೋಡ್ ಎಷ್ಟು ಅಂತ ಕೇಳಲೇಬೇಕು. ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ ಬೇರೆ ಬೀಳುತ್ತದೆ. 499 ರೂಪಾಯಿ ಅಂತ ಹಾಕಿದ ಪ್ಲಾನ್‌ಗೆ ಕೈಯಿಂದ ಹೋಗುವುದು 589.

ಬಾಡಿಗೆ ಮನೆಯವರು 5ಜಿ ಮೂಲಕ ಬರುವ ಏರ್‌ಫೈಬರ್ ಕೂಡ ನೋಡಬಹುದು. 2023ರಿಂದ ದೇಶದಲ್ಲಿ ಇದು ಶುರುವಾಗಿದೆ. ಮಾಳಿಗೆ ಮೇಲೆ ಸಣ್ಣ ಬಾಕ್ಸ್ ಇಟ್ಟರೆ ಆಯಿತು, ಬೀದಿಯಲ್ಲಿ ಕಡಿಯಲು ತಂತಿಯೇ ಇಲ್ಲ. ಆದರೆ ಅದು ಟವರ್ ನಂಬಿದ ಸೇವೆ. ಎಲ್ಲರೂ ಮೊಬೈಲ್ ಹಿಡಿಯುವ ಸಂಜೆ ಹೊತ್ತಿನಲ್ಲಿ ಸ್ಪೀಡ್ ಇಳಿಯುತ್ತದೆ ಅಂತ ಬಳಸುವ ಸ್ನೇಹಿತೆಯರು ಹೇಳುತ್ತಾರೆ. ನನ್ನ ಪಾಠ ಇರುವುದೇ ಆ ಹೊತ್ತಿನಲ್ಲಿ. ಹಾಗಾಗಿ ನನಗೆ ಫೈಬರೇ ಸರಿ.

ಮನೆ ಇನ್ನೂ ಕಟ್ಟುತ್ತಿದ್ದೀರಾ? ಹಾಗಾದರೆ ಗಾರೆ ಕೆಲಸಕ್ಕೆ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಒಂದು ಖಾಲಿ ಪೈಪ್ ಹಾಕಿಸಿ. ಕಾಂಪೌಂಡ್ ಕಡೆಯಿಂದ ಹಾಲ್‌ಗೆ, ಹಾಲ್‌ನಿಂದ ಮೇಲಿನ ಮಹಡಿಗೆ. ಅದರಲ್ಲಿ ಒಂದು ಲ್ಯಾನ್ ಕೇಬಲ್ ಎಳೆದುಬಿಡಿ. ಆರ್‌ಸಿಸಿ ಛಾವಣಿ ದಾಟಿ ವೈಫೈ ಮೇಲೆ ಹೋಗುವುದು ಕಷ್ಟ. ಅದರಲ್ಲೂ 5 ಗಿಗಾಹರ್ಟ್ಸ್ ವೈಫೈ ಹತ್ತಿರದಲ್ಲಿ ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ಮಹಡಿ ಮೇಲಿನ ಮಗನ ಕೋಣೆಗೆ ಕೇಬಲ್ ಎಳೆದು ಇನ್ನೊಂದು ರೂಟರ್ ಇಟ್ಟ ಮೇಲೆ ಅವನ ದೂರು ನಿಂತಿತು.

ಟಿವಿಗೆ ಬರೋಣ. ಕೇಬಲ್, ಡಿಟಿಎಚ್ (ತಿಂಗಳ ದುಡ್ಡು ಕಟ್ಟುವ ಖಾಸಗಿ ಕಂಪನಿಯ ಡಿಶ್), ದೂರದರ್ಶನದವರ ಡಿಡಿ ಫ್ರೀ ಡಿಶ್, ಇಂಟರ್ನೆಟ್ ಆ್ಯಪ್, ಇಷ್ಟು ದಾರಿ ಇವೆ. ಫ್ರೀ ಡಿಶ್‌ಗೆ ಒಮ್ಮೆ ಬಾಕ್ಸ್, ಡಿಶ್ ಕೊಂಡರೆ ತಿಂಗಳ ಬಾಡಿಗೆ ಇಲ್ಲ, ಚಂದನ ಸಿಗುತ್ತದೆ. 2004ರಿಂದ ನಡೆಯುತ್ತಿರುವ ಒಳ್ಳೆಯ ಸೇವೆ ಅದು. ಆದರೆ ಅದರಲ್ಲಿ ಹಿಂದಿ ಚಾನೆಲ್‌ಗಳೇ ಜಾಸ್ತಿ, ನಮ್ಮತ್ತೆಗೆ ಅದು ಸಾಲುತ್ತಿರಲಿಲ್ಲ. ಕೇಬಲ್‌ನವರ ತಂತಿಯೂ ಅದೇ ಕಂಬಗಳ ಮೇಲೆ, ಅದೇ ಟ್ರ್ಯಾಕ್ಟರ್‌ಗೆ ಸಿಗುವುದೇ. ಹೀಗಾಗಿ ಹಳೆ ಮನೆಯ ಡಿಟಿಎಚ್ ಅನ್ನೇ ಇಲ್ಲಿಗೆ ಬದಲಿಸಿಕೊಂಡೆವು. ಬದಲಿಸುವ ಶುಲ್ಕ ಎಷ್ಟು ಅಂತ ಮೊದಲೇ ಕಂಪನಿಯ ಸಹಾಯವಾಣಿಯಲ್ಲಿ ಕೇಳಿಕೊಂಡಿದ್ದರಿಂದ, ಬಂದವರ ಜೊತೆ ಚೌಕಾಸಿಯ ಮಾತೇ ಬರಲಿಲ್ಲ.

ಡಿಶ್‌ಗೆ ಮನೆಯ ಆಗ್ನೇಯ ದಿಕ್ಕು ತೆರೆದಿರಬೇಕು. ಕಾರಣ ಇಷ್ಟೇ. ಟಿವಿ ಉಪಗ್ರಹಗಳು ನಿಂತಿರುವುದು ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 83ರಿಂದ 108ರ ನಡುವೆ. ದಾವಣಗೆರೆ ಇರುವುದು 76ರ ಹತ್ತಿರ. ಹಾಗಾಗಿ ಯಾವ ಕಂಪನಿಯ ಡಿಶ್ ಆದರೂ ಇಲ್ಲಿಂದ ಹೆಚ್ಚುಕಡಿಮೆ ಆಗ್ನೇಯಕ್ಕೇ ಮುಖ ಮಾಡುತ್ತದೆ. ಮನೆ ಕಟ್ಟುವಾಗ ಅಡುಗೆಮನೆಗೆ ನೋಡುವ ಮೂಲೆಯೇ ಡಿಶ್‌ಗೂ ಬೇಕು. ಆ ಕಡೆ ಪಕ್ಕದವರ ತೆಂಗಿನ ಮರ ಇದ್ದರೆ, ಖಾಲಿ ಸೈಟಿನಲ್ಲಿ ನಾಳೆ ಮೂರು ಮಹಡಿ ಏಳುವಂತಿದ್ದರೆ, ಡಿಶ್ ಎಲ್ಲಿಡಬೇಕು ಅಂತ ಮೊದಲೇ ಯೋಚಿಸಿ. ಜೋರು ಮಳೆಯಲ್ಲಿ ಸ್ವಲ್ಪ ಹೊತ್ತು ಚಿತ್ರ ನಿಲ್ಲುತ್ತದೆ, ಅದು ಡಿಶ್ ಟಿವಿಯ ಸ್ವಭಾವ. ಮಳೆ ಕಡಿಮೆಯಾದ ಕೂಡಲೇ ತಾನೇ ಬರುತ್ತದೆ, ಯಾರಿಗೂ ಫೋನ್ ಮಾಡಬೇಕಿಲ್ಲ. ನಮ್ಮ ಕಡೆಯ ಮಳೆಗೆ ಅದು ಸಹಿಸುವಂಥದ್ದೇ.

ಚಾನೆಲ್ ಆಯ್ಕೆಯಲ್ಲಿ ಒಂದು ಅರ್ಧ ಗಂಟೆ ಕೂರಿ, ತಿಂಗಳ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. 2019ರಲ್ಲಿ ಟ್ರಾಯ್ (ಫೋನ್, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ) ನಿಯಮ ಬದಲಾದಾಗಿನಿಂದ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳುವ ಹಕ್ಕು ನಮಗಿದೆ. ಆಗ ಚಾನೆಲ್ ಬೆಲೆಯಲ್ಲದೆ ಕನೆಕ್ಷನ್‌ಗೆ ಕಂಪನಿ ತೆಗೆದುಕೊಳ್ಳುವ ನೆಟ್‌ವರ್ಕ್ ಶುಲ್ಕಕ್ಕೆ 130 ರೂಪಾಯಿ ಮಿತಿ ಇತ್ತು. 2024ರಲ್ಲಿ ಆ ಮಿತಿ ತೆಗೆದರು. ಈಗ ಅದು ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು, ಕೇಳಿ ನೋಡಿ. ಅತ್ತೆ ಪಕ್ಕ ಕೂತು ಅವರು ನಿಜವಾಗಿ ನೋಡುವ ಕನ್ನಡ ಚಾನೆಲ್‌ಗಳನ್ನಷ್ಟೇ ಇಟ್ಟುಕೊಂಡೆವು. ಕ್ರಿಕೆಟ್ ಬಂದಾಗ ಮಗ ಆ್ಯಪ್‌ನಲ್ಲಿ ನೋಡುತ್ತಾನೆ.

ಫೋನ್ ಬಗ್ಗೆ ಹೇಳುವುದು ಸ್ವಲ್ಪವೇ. ಮನೆ ನೋಡಲು ಹೋದಾಗಲೇ ಬೇರೆ ಬೇರೆ ಕಂಪನಿಯ ಸಿಮ್ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಳಗಿನ ಮಲಗುವ ಕೋಣೆ, ದೇವರ ಮನೆ, ಎಲ್ಲ ಕಡೆ ನಿಂತು ಕರೆ ಮಾಡಿ ನೋಡಿ. ಗೇಟಿನ ಹತ್ತಿರ ಸಿಗ್ನಲ್ ಬಂದರೆ ಸಾಲದು ಅಲ್ವಾ? ನಮ್ಮ ಮನೆಯವರ ನಂಬರ್ ಇಲ್ಲಿ ಸಿಗುತ್ತಿರಲಿಲ್ಲ, ಅದನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದೆವು, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಿದೆವು. ಇಂಗ್ಲಿಷಿನಲ್ಲಿ PORT ಅಂತ ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಕೋಡ್ ಬರುತ್ತದೆ. ಅದು ನಮ್ಮ ರಾಜ್ಯದಲ್ಲಿ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಕಾರ್ಡ್ ಬದಲಿಸಿ ಏಳು ದಿನ ಆಗಿಲ್ಲ ಅಂದರೆ ಕೋಡ್ ಸಿಗುವುದಿಲ್ಲ, ಈ ನಿಯಮ ಬಂದದ್ದು 2024ರ ಜುಲೈನಲ್ಲಿ. ಸಾಮಾನು ಸಾಗಿಸುವ ವಾರದಲ್ಲಿ ಮಾತ್ರ ಪೋರ್ಟ್‌ಗೆ ಕೈಹಾಕಬೇಡಿ. ಬದಲಾಗುವ ಹೊತ್ತಿನಲ್ಲಿ ನಂಬರ್ ಕೆಲ ಗಂಟೆ ನಿಲ್ಲುತ್ತದೆ. ಲಾರಿಯವರು, ಬ್ಯಾಂಕಿನ ಒಟಿಪಿ, ಎಲ್ಲ ಅದೇ ನಂಬರಿಗೆ ತಾನೇ ಬರುವುದು?

ಮನೆಯೊಳಗೆ ಸಿಗ್ನಲ್ ಕಡಿಮೆ ಇದ್ದರೆ ಪೋರ್ಟ್ ಮಾಡಿಸುವ ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಹಚ್ಚಿ ನೋಡಿ. ನಮ್ಮ ದೇಶಕ್ಕೆ ಇದು ಬಂದದ್ದು 2019ರ ಕೊನೆಗೆ. ಮಾಮೂಲಿ ನಂಬರಿನ ಕರೆಯೇ ಮನೆಯ ವೈಫೈ ಮೂಲಕ ಹೋಗುತ್ತದೆ, ಬೇರೆ ದುಡ್ಡಿಲ್ಲ. ಅತ್ತೆಯ ಕೋಣೆಯಲ್ಲಿ ಅವರ ಫೋನ್ ನಡೆಯುವುದು ಹೀಗೇ. ಫೈಬರ್ ಕಡಿದ ದಿನ ನನ್ನ ಪಾಠ ನಡೆಯುವುದು ಮನೆಯವರ ಸಿಮ್‌ನ ಹಾಟ್‌ಸ್ಪಾಟ್‌ನಲ್ಲಿ. ಗಂಡ ಹೆಂಡತಿ ಇಬ್ಬರದೂ ಒಂದೇ ಕಂಪನಿ ಬೇಡ ಅನ್ನುವುದು ಇದಕ್ಕೇ.

ಹಳೆ ಮನೆಯ ಕನೆಕ್ಷನ್ ಮುಗಿಸುವುದನ್ನು ಮಾತ್ರ ಬಾಯಿಮಾತಿಗೆ ಬಿಡಬೇಡಿ. ಅಲ್ಲಿನ ಕಂಪನಿಗೆ ಮಾಡೆಮ್ ವಾಪಸ್ ಕೊಟ್ಟ ಮೇಲೂ ನಮಗೆ ಬಿಲ್ ಬರುತ್ತಲೇ ಇತ್ತು. ಮಾಡೆಮ್ ಪಡೆದ ರಸೀದಿಯ ಫೋಟೋ ಇದ್ದಿದ್ದರಿಂದ ಮಾತ್ರ ಅದು ನಿಂತಿತು, ಡಿಪಾಸಿಟ್ ಹಣವೂ ಬಂತು. ಕಂಪನಿಯವರು ಕಿವಿಗೆ ಹಾಕಿಕೊಳ್ಳದಿದ್ದರೆ ಅವರಲ್ಲೇ ಮೇಲ್ಮನವಿ ವಿಭಾಗ ಇರುತ್ತದೆ, ಅಲ್ಲಿಗೂ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಾಡುವಾಗ ದೂರಿನ ನಂಬರ್, ರಸೀದಿ, ಕೊನೆಯ ಬಿಲ್ ಎದುರಿಗಿರಲಿ.